ಪೂರ್ತಿ ಒಂದು ಓಟ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಇರಲಿ ಬಿಡಿ, ಎಲ್ಲಾದರೂ ಇರಬೇಕಲ್ಲ. ಆದರೆ ಆ ಸೋಮವಾರ ಬಂದ ಕೋಪಕ್ಕೆ ಮೂಗು ಸಾಲದೆ ನೆತ್ತಿಗೇರಿತು, ಇಳಿಯಲು ಹತ್ತು ದಿನ ಹಿಡಿಯಿತು.

ನಾನು ಲಿಫ್ಟ್ ರಿಪೇರಿ ಮಾಡುವವಳು. ಇಪ್ಪತ್ತಾರು ವರ್ಷವಾಯಿತು. ಆ ದಿನ ಹಲ್ಲಿನ ಡಾಕ್ಟರೊಬ್ಬರ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಮುಚ್ಚದೆ ಹಟ ಹಿಡಿದು ನಿಂತಿತ್ತು. ಕೆನ್ನೆ ಊದಿಸಿಕೊಂಡ ಅಜ್ಜಿಯೊಬ್ಬರು ಮೆಟ್ಟಿಲು ಹತ್ತಲಾರದೆ ಕೆಳಗೆ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ನನಗೆ ಬೇಕಿದ್ದದ್ದು ಆ ಬಾಗಿಲಿನ ವೈರಿಂಗ್ ಚಿತ್ರ, ಒಂದೇ ಒಂದು ಪುಟ. ಗೊತ್ತಿದ್ದವನೊಬ್ಬ ತಕ್ಷಣ ಕಳಿಸಿದ. ನನ್ನ ಫೋನು ಜಾಗವಿಲ್ಲ ಎಂದಿತು. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಒಂದು ಕೈಯಲ್ಲಿ ವೈರು ಹಿಡಿದು, ಇನ್ನೊಂದು ಕೈಯಲ್ಲಿ ಫೋನು ತೆರೆದು ನೋಡಿದರೆ, ಆ ಒಂದು ವಾರದಲ್ಲೇ ಮೂವತ್ತೆಂಟು ದೊಡ್ಡ ಫೈಲು ಬಂದು ಬಿದ್ದಿದ್ದವು. ಎಲ್ಲ ನಮ್ಮ ಗ್ರೂಪಿನವು.

ಆ ಗ್ರೂಪಿನಲ್ಲಿ ನಾನ್ನೂರ ಹನ್ನೆರಡು ಜನ, ಎಲ್ಲರೂ ಲಿಫ್ಟಿನವರೇ. ಒಬ್ಬರಿಗೆ ಬಿಡಿಸಲಾಗದ ತೊಂದರೆ ಬಂದರೆ ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ. ಅದನ್ನು ಕಟ್ಟಿದವಳು ನಾನು, ಅಡ್ಮಿನ್ ಕೂಡ ನಾನೇ. ಮಾಡಿದ್ದುಣ್ಣೋ ಮಹರಾಯ. ಮೂವತ್ತೆಂಟರಲ್ಲಿ ಒಂಬತ್ತು ಒಂದೇ ವಿಡಿಯೋ, ಒಂಬತ್ತು ಜನ ಒಬ್ಬರಾದ ಮೇಲೊಬ್ಬರು ಮುಂದಕ್ಕೆ ತಳ್ಳಿದ್ದು. ಒಂದು ನಾನ್ನೂರು ಪುಟದ ಪುಸ್ತಕದ ಸ್ಕ್ಯಾನು, ಯಾವ ಲಿಫ್ಟಿನದೋ ಯಾರಿಗೆ ಬೇಕೋ ಒಂದಕ್ಷರ ಬರೆದಿಲ್ಲ. ಏಳು ಬರೀ ಸೂರ್ಯ ಹುಟ್ಟುವ ವಿಡಿಯೋ, ಹಿಂದೆ ಕೊಳಲು. ಅದನ್ನು ದಿನಾ ಬೆಳಿಗ್ಗೆ ತಪ್ಪದೆ ಕಳಿಸುವವನಿಗೆ ನಾವು ಪುಲ್ಲಿ, ಅಂದರೆ ಸೂರ್ಯನನ್ನು ಮೇಲೆಳೆಯುವ ರಾಟೆ, ಎಂದು ಹೆಸರಿಟ್ಟಿದ್ದೆವು. ಐವತ್ತೆಂಟು ವರ್ಷದ ಗಂಡಸು, ಸೂರ್ಯ ತನ್ನ ಅಪ್ಪಣೆಯಿಲ್ಲದೆ ಹುಟ್ಟುವುದಿಲ್ಲ ಎಂದುಕೊಂಡಿದ್ದ.

ಉಳಿದವೆಲ್ಲ ಓಟಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿಫ್ಟಿನ ಕಾಯಿಲೆಯನ್ನು ನಾವು ಹಿಡಿಯುವುದು ಅರ್ಧ ಕಣ್ಣಿನಿಂದ, ಅರ್ಧ ಕಿವಿಯಿಂದ. ಕೆಳಗಿನ ಮಹಡಿಯಿಂದ ಮೇಲಿನ ತುದಿಗೆ, ಅಲ್ಲಿಂದ ಮತ್ತೆ ಕೆಳಕ್ಕೆ, ಒಂದು ಓಟ ಪೂರ್ತಿ ಕೇಳದೆ ಬಾಯಿ ಬಿಡಬಾರದು ಎಂಬುದು ನಮ್ಮಲ್ಲಿ ಹಳೆಯ ಮಾತು. ಇದನ್ನು ನನಗೆ ಕಲಿಸಿದವರು ನನ್ನ ಸೋದರಮಾವ. ನಾನಷ್ಟೇ ಅಲ್ಲ, ಈ ಗ್ರೂಪಿನಲ್ಲಿ ಅರ್ಧ ಜನ ಅವರ ಕೈಕೆಳಗೆ ಸ್ಪ್ಯಾನರ್ ಹಿಡಿದವರೇ. ಹಾಗಾಗಿ ಎಲ್ಲರಿಗೂ ಅವರು ಮಾವನೇ. ಈ ಮಾವನ ಮಕ್ಕಳೆಲ್ಲ ಈಗ ಕೈಗೊಂದು ಫೋನು ಹಿಡಿದು, ಲಿಫ್ಟಿನೊಳಗೆ ನಿಂತು, ಹತ್ತು ಹತ್ತು ನಿಮಿಷದ ಓಟ ಹಿಡಿದು ನಾನ್ನೂರು ಜನರ ತಲೆಯ ಮೇಲೆ ಸುರಿಯುತ್ತಿದ್ದರು.

ಅಜ್ಜಿಯನ್ನು ಕುರ್ಚಿಸಮೇತ ಇಬ್ಬರು ಎತ್ತಿಕೊಂಡು ಮೂರು ಮಹಡಿ ಹತ್ತಿಸಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಿಯಮ ಬರೆದೆ. ದೊಡ್ಡ ಫೈಲನ್ನು ಗ್ರೂಪಿಗೆ ತಂದು ಸುರಿಯಬೇಡಿ, ಬೇರೆ ಕಡೆ ಇಟ್ಟು ಅದರ ಲಿಂಕ್ ಮಾತ್ರ ಹಾಕಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲಿ ಎರಡು ಸಾಲು ಬರೆಯಿರಿ: ಯಾವ ಲಿಫ್ಟು, ಏನು ತೊಂದರೆ, ಫೈಲು ಎಷ್ಟು ದೊಡ್ಡದು. ಒಮ್ಮೆ ಬಂದದ್ದನ್ನು ಮತ್ತೆ ಕಳಿಸಬೇಡಿ. ಪುಸ್ತಕದಲ್ಲಿ ಒಂದು ಪುಟ ಬೇಕಿದ್ದರೆ ಆ ಪುಟ ಮಾತ್ರ. ಶಬ್ದದ ವಿಷಯವಾದರೆ, ಶಬ್ದ ಇರುವ ಇಪ್ಪತ್ತು ಸೆಕೆಂಡ್ ಕತ್ತರಿಸಿ ಕಳಿಸಿ, ಇಡೀ ಓಟ ಬೇಡ. ಮೀರಿದರೆ ಅಳಿಸುತ್ತೇನೆ, ಕಾರಣ ಕೇಳಬೇಡಿ. ಈ ಕೊನೆಯ ಸಾಲು ಬರೆಯುವಾಗ ನನಗೆ ಎಷ್ಟು ಹಿತವಾಯಿತೆಂದರೆ ಅದನ್ನು ಎರಡು ಸಲ ಬರೆದೆ.

ನಮ್ಮವರು ಸಾಮಾನ್ಯರಲ್ಲ. ನಿಯಮ ತುಂಬಾ ಚೆನ್ನಾಗಿದೆ ಎಂದು ಒಬ್ಬ ಅದನ್ನು ಬಣ್ಣದ ಅಂಚಿನ ಚಿತ್ರ ಮಾಡಿ ಹದಿನಾಲ್ಕು ಎಂಬಿಯಲ್ಲಿ ಕಳಿಸಿದ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಮರುದಿನ ಬೆಳಿಗ್ಗೆ ಪುಲ್ಲಿಯ ಸೂರ್ಯ ಎಂದಿನಂತೆ ಹುಟ್ಟಿದ. ನಾನು ಅಳಿಸಿದೆ. ಮಧ್ಯಾಹ್ನದೊಳಗೆ ಇಪ್ಪತ್ತೊಂದು ಅಳಿಸಿದೆ. ಅಂತೂ ಎರಡು ದಿನದಲ್ಲಿ ಎಲ್ಲರೂ ಹಾದಿಗೆ ಬಂದರು, ಒಬ್ಬರನ್ನು ಬಿಟ್ಟು.

ಬುಧವಾರ ಮಾವನಿಂದ ವಿಡಿಯೋ ಬಂತು. ಹದಿನಾಲ್ಕು ನಿಮಿಷ, ಆರುನೂರ ನಲವತ್ತು ಎಂಬಿ, ಆರು ಓಟ. ಜೊತೆಗೆ ಎರಡೇ ಶಬ್ದ: ಕೇಳಿ ಹೇಳಿ. ಅವರು ಮೂವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದ ಏಳು ಮಹಡಿಯ ಕಟ್ಟಡದ ಲಿಫ್ಟು ಅದು. ಒಳಗಿನ ಹಿತ್ತಾಳೆ ಹಿಡಿ ನೋಡಿದ ಕೂಡಲೇ ಗುರುತು ಸಿಕ್ಕಿತು, ಚಿಕ್ಕವಳಿದ್ದಾಗ ಅದನ್ನು ಉಜ್ಜಿ ಹೊಳಪು ಮಾಡಿದವಳು ನಾನೇ. ನನಗೆ ಮೈ ಉರಿಯಿತು. ನಿಯಮ ಮೀರಿದ್ದಕ್ಕಷ್ಟೇ ಅಲ್ಲ. ನಾನು ಇದೇ ಊರಿನಲ್ಲಿದ್ದೇನೆ, ಅವರ ಮನೆಯಿಂದ ಇಪ್ಪತ್ತು ನಿಮಿಷ. ಕೈ ಹಿಡಿದು ಕಲಿಸಿದ ಸೋದರಸೊಸೆಯನ್ನು ಬಿಟ್ಟು ಊರವರನ್ನೆಲ್ಲ ಕೇಳಿ ಹೇಳಿ ಎಂದರೆ ನಾನೇನು ಸತ್ತಿದ್ದೆನೇ? ಒಂದು ಸೆಕೆಂಡೂ ಕೇಳದೆ ಅಳಿಸಿದೆ.

ನಿಯಮ ಗೊತ್ತಿಲ್ಲದಿರಬಹುದು ಎಂದು ಆಮೇಲೆ ಅವರೊಬ್ಬರಿಗೇ ಧ್ವನಿ ಸಂದೇಶ ಕಳಿಸಿದೆ. ಲಿಂಕ್ ಎಂದರೇನು, ಫೈಲನ್ನು ಎಲ್ಲಿ ಇಡಬೇಕು, ಹೇಗೆ ಕತ್ತರಿಸಬೇಕು, ಎಲ್ಲ ಬಿಡಿಸಿ ಬಿಡಿಸಿ ಆರು ನಿಮಿಷ ಮಾತಾಡಿದೆ. ಬರೆಯುವಷ್ಟು ವ್ಯವಧಾನ ನನಗಿರಲಿಲ್ಲ. ಹೂಂ ಇಲ್ಲ, ಊಹೂಂ ಇಲ್ಲ. ಶುಕ್ರವಾರ ಮತ್ತೆ ಅದೇ ಆರುನೂರ ನಲವತ್ತು ಗ್ರೂಪಿಗೇ ಬಂತು. ಈ ಸಲ ಅಳಿಸಿ, ಎಲ್ಲರೆದುರೇ ಬರೆದೆ: ಮಾವ, ಹಿರಿಯರು ಅಂತ ನಿಯಮ ಬಿಡೋಕಾಗಲ್ಲ, ಶಬ್ದ ಇರೋ ಇಪ್ಪತ್ತು ಸೆಕೆಂಡ್ ಕತ್ತರಿಸಿ ಕಳಿಸಿ.

ಶನಿವಾರ ಇಪ್ಪತ್ತು ಸೆಕೆಂಡ್ ಬಂತು. ಸರಿಯಾಗಿ ಇಪ್ಪತ್ತು. ಅದರಲ್ಲಿ ಲಿಫ್ಟು ನೆಲಮಹಡಿಯಲ್ಲಿ ಬಾಗಿಲು ತೆರೆದು ಸುಮ್ಮನೆ ನಿಂತಿತ್ತು. ತಲೆಯ ಮೇಲಿನ ಫ್ಯಾನಿನ ಗುಂಯ್‌ಗುಡುವಿಕೆ ಬಿಟ್ಟರೆ ಏನೂ ಇಲ್ಲ. ಮಾವ, ಇದು ಫ್ಯಾನು, ಲಿಫ್ಟು ಪಕ್ಕದಲ್ಲಿದೆ ನೋಡಿ ಎಂದು ಒಬ್ಬ ಬರೆದ. ಪುಲ್ಲಿ ಅರವತ್ತಕ್ಕೆ ಅರಳುಮರಳು ಎಂದು ಹಾಕಿದ. ನಗುವ ಮುಖಗಳು ಸಾಲುಗಟ್ಟಿದವು, ಅದರಲ್ಲಿ ನನ್ನದೂ ಒಂದು. ನನ್ನನ್ನು ಅಣಕಿಸಲೆಂದೇ ಮಾವ ಹೀಗೆ ಮಾಡಿದ್ದಾರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಆಮೇಲೆ ಅವರಿಂದ ಏನೂ ಬರಲಿಲ್ಲ.

ಮಂಗಳವಾರ ಅತ್ತೆಯ ಫೋನು ಬಂತು. ಈಗೀಗ ಮಾವನ ಫೋನೆಲ್ಲ ಅತ್ತೆಯೇ ಎತ್ತುವುದು, ಅತ್ತೆಯೇ ಮಾಡುವುದು. ಮಾವ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದರು. ಲಿಫ್ಟಿನಲ್ಲಿ ಏನೋ ಕೀರಲು ಶಬ್ದ ಬರುತ್ತಿದೆಯೆಂದು ಕಟ್ಟಡದವರು ದೂರು ಕೊಟ್ಟಿದ್ದಾರೆ. ಗುರುವಾರ ಇನ್‌ಸ್ಪೆಕ್ಟರ್ ಬರುತ್ತಾರೆ. ಅಷ್ಟರೊಳಗೆ ಶಬ್ದ ನಿಲ್ಲದಿದ್ದರೆ ಲಿಫ್ಟನ್ನು ಬೇರೆಯವರಿಗೆ ವಹಿಸುತ್ತಾರೆ. ಅದೊಂದೇ ಲಿಫ್ಟು ಉಳಿದಿದೆ ಅವರ ಕೈಯಲ್ಲಿ, ಅದೂ ಹೋದರೆ ಮನುಷ್ಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ಕೇಳಿದರು.

ನಿಯಮದ ಪ್ರಕಾರ ಕಳಿಸಿದ್ದರೆ ಅಂದೇ ಯಾರಾದರೂ ಹೇಳುತ್ತಿದ್ದರಲ್ಲ ಅತ್ತೆ ಎಂದೆ. ಹೌದು, ಹಾಗೆಂದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಅತ್ತೆ ಅಲ್ಲಿಗೇ ತಡೆದರು. "ನಿಯಮ ಗಿಯಮ ನಂಗೆ ಗೊತ್ತಿಲ್ಲ ಕಣೇ. ಒಂದ್ಸಲ ಬಂದು ಹೋಗು. ನಾನು ಕರೆದೆ ಅಂತ ಮಾತ್ರ ಹೇಳ್ಬೇಡ."

ಬುಧವಾರ ಬೆಳಿಗ್ಗೆಯೇ ಆ ಏಳು ಮಹಡಿಯ ಕಟ್ಟಡಕ್ಕೆ ಹೋದೆ. ಸಹಾಯ ಮಾಡಲೆಂದಲ್ಲ, ಸುಳ್ಳೇಕೆ. ಎದುರಿಗೆ ಕೂರಿಸಿಕೊಂಡು ವಿಡಿಯೋ ಕತ್ತರಿಸುವುದು ಹೇಗೆಂದು ತೋರಿಸಿ, ಇಷ್ಟು ಸುಲಭ ನೋಡಿ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು. ಮಾವ ಕಟ್ಟಡದ ಬಾಗಿಲಲ್ಲಿ ನನ್ನನ್ನು ಕಂಡು ಗಲಿಬಿಲಿಗೊಂಡರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ಟೆಸ್ಟರು, ಎಲ್ಲ ಎಂದಿನಂತೆ. ಇಬ್ಬರೂ ಲಿಫ್ಟಿನೊಳಗೆ ನಿಂತೆವು. ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಐದು ದಾಟಿ ನಾಲ್ಕಕ್ಕೆ ಬರುವಷ್ಟರಲ್ಲಿ ಹಲ್ಲು ಜುಮ್ಮೆನ್ನುವಂಥ ಕೀರಲು ಶಬ್ದ, ಮೂರೇ ಸೆಕೆಂಡು. ನಾನು ಮುಖ ಹಿಂಡಿದೆ. ಇದೇ ತಾನೇ ಎಂದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು, ಹೌದೆಂದು ತಲೆಯಾಡಿಸಿದರು. ಇನ್ನೊಂದು ಓಟ ಮಾಡೋಣವೆಂದರು. ಮತ್ತೆ ಅದೇ ಜಾಗದಲ್ಲಿ ನಾನು ಮುಖ ಹಿಂಡಿದೆ, ಮತ್ತೆ ಅವರು ಮಹಡಿಯ ಅಂಕೆ ನೋಡಿಕೊಂಡು ತಲೆಯಾಡಿಸಿದರು. ಇಷ್ಟು ಗೊತ್ತಿದ್ದೂ ಕತ್ತರಿಸದೆ ಹದಿನಾಲ್ಕು ನಿಮಿಷ ಸುರಿದರಲ್ಲ ಎಂದು ನನ್ನ ಕೋಪ ಇನ್ನಷ್ಟು ಏರಿತು.

ಕಾಯಿಲೆ ದೊಡ್ಡದಲ್ಲ ಎಂದು ಅನ್ನಿಸಿತ್ತು. ಲಿಫ್ಟು ಜಾರುವ ಕಂಬಿ ಅಲ್ಲಿ ಗೋಡೆಯಿಂದ ಸಡಿಲಾಗಿರಬೇಕು. ನೋಡಬೇಕಾದರೆ ಲಿಫ್ಟಿನ ನೆತ್ತಿಯ ಮೇಲೆ ನಿಂತು ನಿಧಾನವಾಗಿ ಇಳಿಯಬೇಕು. ಹಳೆಯ ಕಾಲದ ಲಿಫ್ಟು, ನೆತ್ತಿಯ ಮೇಲೆ ನಿಲ್ಲಿಸುವ ಕೆಂಪು ಗುಂಡಿಯೊಂದಿದೆ, ಓಡಿಸುವುದು ಮಾತ್ರ ಮೇಲಿನ ಮಷಿನ್ ರೂಮಿನಿಂದಲೇ. ಹಗ್ಗಗಳು ಇಳಿದುಬರುವ ತೂತಿನಿಂದ ಮಾತು ಚೆನ್ನಾಗಿ ಕೇಳುತ್ತದೆ. ಕೆಳಗಿನವರು ಕೂಗುವುದು, ಮೇಲಿನವರು ನಿಲ್ಲಿಸುವುದು. ನಾನೂ ಮಾವನೂ ಹೀಗೆ ಸಾವಿರ ಸಲ ಮಾಡಿದ್ದೇವೆ. ನಾನೇ ಹತ್ತುತ್ತೇನೆಂದೆ. ಬೇಡ, ಬೇಡ ಎಂದು ಅವರು ಎರಡು ಸಲ ತಡೆದರು. ಇಷ್ಟು ದಿನ ಯಾರು ಹತ್ತುತ್ತಿದ್ದರು ಎಂದು ಕೇಳಿದೆ, ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಲಿಫ್ಟು ನಿಧಾನವಾಗಿ ಇಳಿಯಿತು. ಟಾರ್ಚಿನ ಬೆಳಕಿನಲ್ಲಿ ಕಂಬಿಯ ಬೋಲ್ಟು ಕಂಡಿತು, ಅರ್ಧ ಹೊರಗೆ ಬಂದು ಲಿಫ್ಟಿನ ದಾರಿಗೇ ಚಾಚಿಕೊಂಡಿತ್ತು. ನಿಲ್ಸಿ ಎಂದು ಕೂಗಿದೆ. ಲಿಫ್ಟು ಇಳಿಯುತ್ತಲೇ ಇತ್ತು. ಮಾವ, ನಿಲ್ಸಿ ಎಂದು ಗಂಟಲು ಹರಿಯುವಂತೆ ಕೂಗಿದೆ. ಇಳಿಯುತ್ತಲೇ ಇತ್ತು. ಬೋಲ್ಟು ನನ್ನ ತೋಳಿನ ಬಟ್ಟೆಗೆ ಸಿಕ್ಕಿ ಎಳೆಯಿತು. ಇನ್ನೊಂದು ಕೈಯಿಂದ ಕೆಂಪು ಗುಂಡಿ ಕುಟ್ಟಿದೆ. ಲಿಫ್ಟು ನಿಂತಿತು. ತೋಳಿನ ಬಟ್ಟೆ ಮೊಣಕೈತನಕ ಹರಿದಿತ್ತು, ಚರ್ಮ ತರಚಿ ರಕ್ತ ಜಿನುಗುತ್ತಿತ್ತು.

ಬಾಗಿಲು ಬಿಡಿಸಿಕೊಂಡು ಹೊರಬಂದವಳು ಮೆಟ್ಟಿಲು ಎರಡೆರಡು ಹಾರಿಕೊಂಡು ಮೇಲೆ ಓಡಿದೆ. ಆ ಮೂರು ಮಹಡಿಗೆ ನನ್ನ ಬಾಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಷಿನ್ ರೂಮಿನ ಬಾಗಿಲು ತಳ್ಳಿ, ಕೊಲ್ಲಬೇಕೂಂತಿದ್ರಾ ನನ್ನ ಎಂದು ಅರಚಿದೆ. ಮಾವ ತಿರುಗಲಿಲ್ಲ. ಚಪ್ಪಲಿ ಬಿಚ್ಚಿ ಬದಿಗಿಟ್ಟು, ಬರಿಗಾಲಲ್ಲಿ, ನೆಲದ ತೂತಿನ ಮುಂದೆ ಮಂಡಿಯೂರಿದ್ದರು. ನನ್ನ ಹೆಸರು ಹಿಡಿದು ಕೆಳಕ್ಕೆ ಕೂಗುತ್ತಿದ್ದರು. ಯಾಕೆ ನಿಂತೆ, ಏನಾಯ್ತು, ಮಾತಾಡು, ಎಂದು ಕೂಗಿ ಕೂಗಿ ಕಿವಿಯನ್ನು ತೂತಿಗೆ ಒತ್ತುತ್ತಿದ್ದರು. ನಾನು ಅವರ ಬೆನ್ನ ಹಿಂದೆ ನಾಲ್ಕು ಅಡಿಯಲ್ಲಿ ನಿಂತಿದ್ದೆ. ಮತ್ತೆ ಅರಚಿದೆ, ಮಾವ ಎಂದಷ್ಟೇ. ತಿರುಗಲಿಲ್ಲ.

ಹೋಗಿ ಭುಜ ಮುಟ್ಟಿದೆ. ಬೆಚ್ಚಿಬಿದ್ದು ತಿರುಗಿದರು. ನನ್ನ ತೋಳು ನೋಡಿದರು. ಆಮೇಲೆ ನನ್ನ ಮುಖ ನೋಡಿದರು, ಅದರಲ್ಲಿ ಎಲ್ಲ ಓದಿಕೊಂಡರು.

"ಎಷ್ಟು ದಿನದಿಂದ?" ಎಂದು ಕೇಳಿದೆ, ಮುಖಕ್ಕೆ ಮುಖ ಕೊಟ್ಟು.

ಎರಡು ವರ್ಷವಾಯಿತೆಂದರು. ಮೊದಲು ಸಣ್ಣ ಶಬ್ದಗಳು ಹೋದವು, ಕೀರಲು, ಗಂಟೆ, ಫೋನು. ಮೋಟಾರಿನದು ಈಗಲೂ ಅಂಗಾಲಿಗೆ ಗೊತ್ತಾಗುತ್ತದೆ, ಅದಕ್ಕೇ ಚಪ್ಪಲಿ ಬಿಡುವುದು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತದೆ. ಅತ್ತೆಗೆ ಮಾತ್ರ ಹೇಳಿದ್ದಾರೆ. ಜೊತೆಗೆ ಕೆಲಸ ಮಾಡುವವರಿಗೆ ಅಪಾಯವೆಂದು ಎರಡು ವರ್ಷದಿಂದ ಒಬ್ಬರೇ ಹತ್ತಿ ಒಬ್ಬರೇ ಇಳಿಯುತ್ತಿದ್ದಾರೆ. ಕಿವಿ ಕೇಳದವನಿಗೆ ಯಾರು ಲಿಫ್ಟು ಕೊಡುತ್ತಾರೆ ಎಂದರು.

ನನಗೆ ಅಳು ಬರಲಿಲ್ಲ, ಮೈಯೆಲ್ಲ ಕುದಿಯಿತು. ಒಬ್ಬರೇ ಲಿಫ್ಟಿನ ಕೆಳಗಿನ ಹೊಂಡಕ್ಕೆ ಇಳಿದಾಗ ಮೇಲಿನಿಂದ ಲಿಫ್ಟು ಬಂದರೆ ಯಾರು ಕೂಗಬೇಕಿತ್ತು, ಕೂಗಿದರೆ ಯಾರಿಗೆ ಕೇಳಬೇಕಿತ್ತು ಎಂದು ಬಾಯಿಗೆ ಬಂದಂತೆ ಬೈದೆ. ಅವರು ನನ್ನ ತುಟಿ ನೋಡುತ್ತ ಒಂದೂ ಬಿಡದೆ ಬೈಸಿಕೊಂಡರು. ನನಗೊಂದು ಮಾತು ಹೇಳುವುದಕ್ಕೇನಾಗಿತ್ತು ಎಂದೆ. ನಿನಗೆ ಹೇಗೆ ಹೇಳಲಿ ಎಂದರು, ನಿನಗೆ ಕಿವಿ ಕೊಟ್ಟು ಕೇಳೋದು ಕಲಿಸಿದವನು ನಾನು.

ಆಮೇಲೆ ಜೇಬಿನಿಂದ ಫೋನು ತೆಗೆದು ಹಿಡಿದುಕೊಂಡರು.

"ಕತ್ತರಿಸು, ಕತ್ತರಿಸು ಅಂದೆ. ಎಲ್ಲಿ ಕತ್ತರಿಸ್ಬೇಕು ಅಂತ ಗೊತ್ತಿದ್ದಿದ್ರೆ ನಾನ್ಯಾಕೆ ಗ್ರೂಪಿಗೆ ಕಳಿಸ್ತಿದ್ದೆ? ಕಣ್ಣು ಮುಚ್ಚಿ ಒಂದು ಕಡೆ ಕತ್ತರಿಸಿದೆ. ಎಲ್ರೂ ನಕ್ಕಿರಿ."

ನಕ್ಕಿರಿ ಎಂದವರು ನನ್ನನ್ನು ನೋಡಲಿಲ್ಲ, ಫೋನನ್ನೇ ನೋಡುತ್ತಿದ್ದರು. ಆ ಫೋನಿನಲ್ಲಿ ನನ್ನ ಆರು ನಿಮಿಷದ ಧ್ವನಿ ಸಂದೇಶ ಇನ್ನೂ ಇತ್ತು. ಎರಡು ಸಾಲು ಬರೆಯಿರಿ ಎಂದು ನಾನ್ನೂರು ಜನಕ್ಕೆ ಬುದ್ಧಿ ಹೇಳಿದವಳು ಈ ಒಬ್ಬ ಮನುಷ್ಯನಿಗೆ ಎರಡು ಸಾಲು ಬರೆದಿರಲಿಲ್ಲ. ಅಷ್ಟು ದಿನ ಊರಿಗೆಲ್ಲ ಹಂಚಿದ ಕೋಪ ಅಷ್ಟೂ ತಿರುಗಿ ನನ್ನ ಮೇಲೆಯೇ ಬಂತು. ಬರಬೇಕಾದದ್ದೇ.

ಬೋಲ್ಟು ಬಿಗಿದು, ಕಂಬಿ ನೆಟ್ಟಗೆ ಮಾಡಿ, ಕಂಬಿಯನ್ನು ಹಿಡಿದು ಜಾರುವ, ಸವೆದ ಗೈಡ್ ಶೂ ಬದಲಾಯಿಸುವಷ್ಟರಲ್ಲಿ ಸಂಜೆ ನಾಲ್ಕಾಯಿತು. ಅದನ್ನೆಲ್ಲ ಮಾವನೇ ಮಾಡಿದರು, ಹೋದದ್ದು ಕಿವಿ, ಕೈಯಲ್ಲ. ನಾನು ಅವರ ಕಣ್ಣಳತೆಯಲ್ಲೇ ನಿಂತು ಕೈಸನ್ನೆ ಮಾಡಿದೆ. ಕೊನೆಗೆ ಒಂದು ಓಟ ಪೂರ್ತಿ ಇಬ್ಬರೂ ಒಳಗೆ ನಿಂತು ಹೋಗಿಬಂದೆವು. ಐದಕ್ಕೂ ನಾಲ್ಕಕ್ಕೂ ನಡುವೆ ಅವರು ನನ್ನ ಮುಖ ನೋಡಿದರು. ಇಲ್ಲ ಎಂದು ತಲೆಯಾಡಿಸಿದೆ. ಗುರುವಾರ ಇನ್‌ಸ್ಪೆಕ್ಟರ್ ಬಂದು ಎರಡು ಸಲ ಹತ್ತಿಳಿದು ಸಹಿ ಹಾಕಿ ಹೋದರು. ಅವರ ಗಾಡಿ ತಿರುವು ದಾಟಿದ ಮೇಲೆ ಮಾವ ಮಷಿನ್ ರೂಮಿನ ಬೀಗದ ಕೈಯನ್ನು ಅಂಗಿಯ ತುದಿಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಇನ್ನು ಮೇಲೆ ಒಳಗಿನ ಕೆಲಸ ನಿನ್ನದು, ನಾನು ಎಣ್ಣೆ ಡಬ್ಬಿ ಹಿಡಿದು ನಿನ್ನ ಎದುರಿಗೆ ನಿಲ್ಲುತ್ತೇನೆ, ಬೆನ್ನ ಹಿಂದೆ ಅಲ್ಲ ಎಂದರು. ನಾನು ಬೇಡವೆನ್ನಲಿಲ್ಲ. ಬೇಡವೆನ್ನಬೇಕಾದ ಮಾತಲ್ಲ ಅದು.

ಮನೆಗೆ ಹೋಗುವ ಮೊದಲು ಅವರ ಪಕ್ಕದಲ್ಲಿ ಕೂತು ಫೈಲನ್ನು ಎಲ್ಲಿ ಇಡುವುದು, ಲಿಂಕ್ ಹೇಗೆ ಹಾಕುವುದು, ಬೆರಳು ಹಿಡಿದು ತೋರಿಸಿದೆ. ನಾಲ್ಕೇ ನಿಮಿಷ ಹಿಡಿಯಿತು. ಆಮೇಲೆ ಗ್ರೂಪಿನಲ್ಲಿ ಆ ಕತ್ತರಿಸುವ ನಿಯಮ ತೆಗೆದು ಬೇರೆ ಬರೆದೆ. ದೊಡ್ಡ ಫೈಲು ಈಗಲೂ ಲಿಂಕಿನಲ್ಲೇ ಬರಬೇಕು, ಎರಡು ಸಾಲು ಈಗಲೂ ಬೇಕು, ಸೂರ್ಯ ಈಗಲೂ ಬೇಡ. ಆದರೆ ಶಬ್ದ ಎಲ್ಲಿದೆಯೆಂದು ಗೊತ್ತಾಗದವರು ಪೂರ್ತಿ ಓಟ ಇಟ್ಟು ಗೊತ್ತಾಗ್ತಿಲ್ಲ ಅಂತ ಒಂದು ಮಾತು ಬರೆಯಿರಿ, ಏಕೆಂದು ಯಾರೂ ಕೇಳಬಾರದು, ಯಾರಾದರೂ ಕೂತು ಪೂರ್ತಿ ಕೇಳುತ್ತೇವೆ. ನಗುವ ಮುಖ ಹಾಕಿದವರನ್ನು ಹೊರಗೆ ಹಾಕುತ್ತೇನೆ, ಮೊದಲ ಹೆಸರು ನನ್ನದೇ. ಮಾವನ ವಿಷಯ ಒಂದಕ್ಷರ ಬರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಪುಲ್ಲಿಯ ಸೂರ್ಯ ಹುಟ್ಟುತ್ತಿದ್ದ ಹೊತ್ತಿಗೆ ಫೋನು ಸದ್ದು ಮಾಡಿತು. ಅವನಿಂದ ಸೂರ್ಯನ ಬದಲಿಗೆ ಒಂದು ಲಿಂಕ್ ಬಂದಿತ್ತು, ಗ್ರೂಪಿಗಲ್ಲ, ನನ್ನೊಬ್ಬಳಿಗೆ. ಪಕ್ಕದಲ್ಲಿ ಸರಿಯಾಗಿ ಎರಡು ಸಾಲು: ಹತ್ತು ಮಹಡಿಯ ಲಿಫ್ಟು, ಶಬ್ದ ಬರ್ತಿದೆ ಅಂತ ದೂರು, ಏಳುನೂರ ಹತ್ತು ಎಂಬಿ. ಪೂರ್ತಿ ಇದೆ ಅಕ್ಕಾ, ಎಲ್ಲಿ ಅಂತ ನಂಗೆ ಗೊತ್ತಾಗ್ತಿಲ್ಲ, ಸ್ವಲ್ಪ ದಿನದಿಂದ.

ಫೋನಿನಲ್ಲಿದ್ದ ನನ್ನ ಹಳೆಯ ಫೋಟೋಗಳನ್ನೆಲ್ಲ ಅಳಿಸಿ ಜಾಗ ಮಾಡಿದೆ. ಮೆಟ್ಟಿಲ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೆಳಗಿನ ಮಹಡಿಯಿಂದ ಶುರುಮಾಡಿದೆ.